ಬಸುರಿಯ ಎದೆಯುರಿ: ಸೋಡಾ ಡಬ್ಬಿಗೆ ಕೈ ಹಾಕುವ ಮುನ್ನ

ರಾತ್ರಿ ಹನ್ನೊಂದು ಗಂಟೆ. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಮನೆ ಎಂದಿಟ್ಟುಕೊಳ್ಳಿ. ಹತ್ತನೆಯ ತರಗತಿಯ ಹುಡುಗಿ ನಡುಮನೆಯಲ್ಲಿ ಓದುತ್ತ ಕುಳಿತಿದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ಅಕ್ಕನಿಗೆ ಏಳು ತುಂಬಿ ಎಂಟರಲ್ಲಿ ಬಿದ್ದಿದೆ. ಮುದ್ದೆ, ಹುಳಿಸಾರು ಉಂಡು ಚಾಪೆಯ ಮೇಲೆ ಮಲಗಿದ ಅಕ್ಕ ಹತ್ತು ನಿಮಿಷಕ್ಕೇ ಎದ್ದು ಕೂರುತ್ತಾಳೆ. ಎದೆಯ ನಡುವೆ ಕೆಂಡ ಇಟ್ಟಂಥ ಉರಿ, ಗಂಟಲಿಗೆ ನುಗ್ಗಿ ಬರುವ ಹುಳಿನೀರು, ಮೇಲಿಂದ ಮೇಲೆ ತೇಗು. "ಬಸ್ರಿ ಅಂದ್ಮೇಲೆ ಇವೆಲ್ಲ ಇದ್ದಿದ್ದೇ ಕಣಮ್ಮ. ಮಗೂಗೆ ತಲೆತುಂಬ ಕೂದ್ಲು ಇರುತ್ತೆ, ಅದಕ್ಕೇ ಉರಿ" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಹುಡುಗಿಗೆ ಅದೇ ವಾರ ಶಾಲೆಯಲ್ಲಿ ನಡೆದ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಪಾಠ ನೆನಪಾಗುತ್ತದೆ. ಹೊಟ್ಟೆಯಲ್ಲಿರುವುದು ಆಮ್ಲ, ಅಡುಗೆ ಸೋಡಾ ಅದನ್ನು ತಟಸ್ಥಗೊಳಿಸುತ್ತದೆ. ಎದ್ದು ಹೋಗಿ ಒಂದು ಚಮಚ ಸೋಡಾವನ್ನು ನೀರಿಗೆ ಕದಡಿ ತರುತ್ತಾಳೆ. ಅಕ್ಕ ಕುಡಿಯುತ್ತಾಳೆ, ದೊಡ್ಡದಾಗಿ ತೇಗುತ್ತಾಳೆ, ಉರಿ ಇಳಿಯುತ್ತದೆ. ಓದಿಸಿದ್ದು ಸಾರ್ಥಕವಾಯಿತೆಂದು ಮನೆಯವರಿಗೆಲ್ಲ ಹೆಮ್ಮೆ. ಮರುದಿನದಿಂದ ಸೋಡಾ ಡಬ್ಬಿ ಅಕ್ಕನ ತಲೆದಿಂಬಿನ ಪಕ್ಕಕ್ಕೇ ಬರುತ್ತದೆ.

ಹುಡುಗಿ ಓದಿದ ಪಾಠದಲ್ಲಿ ತಪ್ಪಿಲ್ಲ. ತಪ್ಪಿರುವುದು ಮದ್ದಿನಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಊರಾದರೂ ಸರಿ, ಬಸುರಿ ಇರುವ ಮನೆಯಲ್ಲಿ ಎದೆಯುರಿಯ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕೆಲವರು ಇದನ್ನು 'ಗ್ಯಾಸ್ಟ್ರಿಕ್' ಎನ್ನುತ್ತಾರೆ, ಕೆಲವರು 'ಪಿತ್ತ' ಎನ್ನುತ್ತಾರೆ, ತೆಲುಗು ಮನೆಮಾತಿನವರು 'ಗುಂಡೆಲ್ಲೋ ಮಂಟ' ಎನ್ನುತ್ತಾರೆ. ಹೆಸರು ಯಾವುದಾದರೂ ತೊಂದರೆ ಒಂದೇ. ಅರ್ಧಕ್ಕೂ ಹೆಚ್ಚು ಗರ್ಭಿಣಿಯರು ಒಂದಿಲ್ಲೊಂದು ಹಂತದಲ್ಲಿ ಇದನ್ನು ಅನುಭವಿಸುತ್ತಾರೆ. ತಿಂಗಳು ತುಂಬುತ್ತ ಬಂದಂತೆ ಹೆಚ್ಚಾಗಿ, ಹೆರಿಗೆಯಾದ ಮೇಲೆ ಬಹುತೇಕ ತಾನಾಗಿಯೇ ಹೋಗುತ್ತದೆ. ಆದ್ದರಿಂದ ಗಾಬರಿಪಡಬೇಕಾದ್ದಿಲ್ಲ. ಹಾಗೆಂದು 'ಇದ್ದದ್ದೇ' ಎಂದು ಕೈಬಿಡುವುದೂ ತರವಲ್ಲ.

ಬಾಗಿಲು ಸಡಿಲವಾದಾಗ

ಉಂಡ ಅನ್ನ ಬಾಯಿಂದ ಜಠರಕ್ಕೆ ಇಳಿಯುವ ದಾರಿ ಅನ್ನನಾಳ. ದೊಡ್ಡವರಲ್ಲಿ ಇದರ ಉದ್ದ ಸುಮಾರು 25 ಸೆಂ.ಮೀ. ಇದು ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ತುತ್ತು ಇಳಿಯುವಾಗ ಅದು ತೆರೆದುಕೊಳ್ಳುತ್ತದೆ, ಇಳಿದ ಮೇಲೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಹಿಂದಿನ ಕಾಲದಲ್ಲಿ ಮೂಡಣ ಬಾಗಿಲಾಗಿದ್ದ ಊರೇ ಇಂದಿನ ಮುಳಬಾಗಿಲು ಎನ್ನುತ್ತಾರೆ. ಬಾಗಿಲ ಕೆಲಸ ಏನೆಂಬುದನ್ನು ಆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಬರಬೇಕಾದ್ದನ್ನು ಬಿಡಬೇಕು, ಹೊರಗೆ ಹೋಗಬಾರದ್ದನ್ನು ತಡೆಯಬೇಕು.

ಜಠರದಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್‌ನಷ್ಟು ಜಠರರಸ ಒಸರುತ್ತದೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದ ತೀಕ್ಷ್ಣತೆಯನ್ನು ಪಿ.ಎಚ್. ಲೆಕ್ಕದಲ್ಲಿ ಹೇಳುವುದಾದರೆ 1.5ರಿಂದ 3.5. ನಿಂಬೆರಸದಷ್ಟು ಅಥವಾ ಅದಕ್ಕಿಂತಲೂ ಹೆಚ್ಚು ಹುಳಿ. ಇಷ್ಟು ಖಾರವಾದ ದ್ರವ ಜಠರವನ್ನೇ ಸುಡುವುದಿಲ್ಲ, ಏಕೆಂದರೆ ಅದರ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆಯಿದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಬಾಗಿಲು ಸಡಿಲವಾಗಿ ಆಮ್ಲ ಮೇಲಕ್ಕೆ ಬಂದರೆ ಅಲ್ಲಿ ಉರಿ ಏಳುತ್ತದೆ. ಉರಿ ಕಾಣಿಸುವುದು ಎದೆಯಲ್ಲಾದರೂ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಸುರಿನಲ್ಲಿ ಈ ಬಾಗಿಲು ಸಡಿಲವಾಗಲು ಮುಖ್ಯ ಕಾರಣ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು. ಗರ್ಭಕೋಶದ ಸ್ನಾಯುಗಳು ಹೊತ್ತಿಗೆ ಮುಂಚೆ ಬಿಗಿಯದಂತೆ ಸಡಿಲವಾಗಿಟ್ಟು ಮಗುವನ್ನು ಕಾಪಾಡುವುದು ಅದರ ಕೆಲಸ. ಆದರೆ ಗರ್ಭಕೋಶದ ಸ್ನಾಯು ಯಾವುದು, ಅನ್ನನಾಳದ ಸ್ನಾಯು ಯಾವುದು ಎಂಬ ಭೇದ ಅದಕ್ಕಿಲ್ಲ. ಎಲ್ಲವನ್ನೂ ಸಡಿಲಿಸುತ್ತದೆ. ಕರುಳಿನ ಚಲನೆಯೂ ನಿಧಾನವಾಗುತ್ತದೆ. ಮಲಬದ್ಧತೆ ಕಾಡುವುದೂ ಇದರಿಂದಲೇ. ಕೊನೆಯ ಮೂರು ತಿಂಗಳಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಬೆಳೆದ ಗರ್ಭಕೋಶ ಜಠರವನ್ನು ಕೆಳಗಿನಿಂದ ಒತ್ತಿ, ವಪೆಯ ಕಡೆಗೆ ತಳ್ಳುತ್ತದೆ. ತುಂಬಿದ ಚೀಲವನ್ನು ಕೆಳಗಿನಿಂದ ಅದುಮಿದರೆ ಒಳಗಿದ್ದದ್ದು ಬಾಯಿಗೆ ಬರುವುದು ಸಹಜ.

ಹೊಟ್ಟೆಯ ಕಿಟಕಿಯೊಳಗೆ ಇಣುಕಿದವರು

ಹೊಟ್ಟೆಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ ಎಂದು 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿಕೊಟ್ಟವನು ವಿಲಿಯಂ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯ. ಅದಕ್ಕೆ ಒಂದು ವರ್ಷ ಮೊದಲು, 1822ರ ಜೂನ್‌ನಲ್ಲಿ, ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯ ಮಾಯ್ದರೂ ಹೊಟ್ಟೆಯ ತೂತು ಮುಚ್ಚಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನ ಮೂಲಕ ಆಹಾರದ ತುಣುಕುಗಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆಂದು ವರ್ಷಗಟ್ಟಲೆ ಗಮನಿಸಿ 1833ರಲ್ಲಿ ಪುಸ್ತಕ ಪ್ರಕಟಿಸಿದ. ಜೀರ್ಣಕ್ರಿಯೆಯ ಬಗ್ಗೆ ಇಂದು ಮಕ್ಕಳು ಶಾಲೆಯಲ್ಲಿ ಓದುವ ಎಷ್ಟೋ ಸಂಗತಿಗಳ ಮೂಲ ಒಬ್ಬ ಬಡ ಕೂಲಿಯ ಹೊಟ್ಟೆಯ ಆ ಕಿಟಕಿ.

ಅಜ್ಜಿ ಹೇಳಿದ ಕೂದಲಿನ ಮಾತಿಗೂ ಒಂದು ಪರೀಕ್ಷೆ ನಡೆದಿದೆ. ಅದೊಂದು ಮೂಢನಂಬಿಕೆ ಎಂದು ತೋರಿಸುವ ಉದ್ದೇಶದಿಂದಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 64 ಗರ್ಭಿಣಿಯರನ್ನು ಗಮನಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಅವರಿಗೇ ಅಚ್ಚರಿ ತಂದಿತು. ಸಾಧಾರಣ ಅಥವಾ ತೀವ್ರ ಎದೆಯುರಿ ಇದ್ದ 28 ಮಂದಿಯಲ್ಲಿ 23 ಜನರ ಮಕ್ಕಳಿಗೆ ಸರಾಸರಿ ಅಥವಾ ಅದಕ್ಕಿಂತ ಹೆಚ್ಚು ಕೂದಲಿತ್ತು. ಬಾಗಿಲನ್ನು ಸಡಿಲಿಸುವ ಹಾರ್ಮೋನುಗಳೇ ಭ್ರೂಣದ ಕೂದಲಿನ ಬೆಳವಣಿಗೆಯ ಮೇಲೂ ಪ್ರಭಾವ ಬೀರಬಹುದೆಂದು ಅವರು ಊಹಿಸಿದರು. ಪರೀಕ್ಷೆ ಚಿಕ್ಕದು, ಆದ್ದರಿಂದ ಇದನ್ನೇ ಕೊನೆಯ ಮಾತೆಂದು ಹಿಡಿಯಲಾಗದು. ಅಜ್ಜಿಯ ಮಾತನ್ನು ನಗೆಯಾಡುವ ಮೊಮ್ಮಕ್ಕಳು ಮಾತ್ರ ಸ್ವಲ್ಪ ತಡೆದು ನಗುವುದು ಒಳ್ಳೆಯದು. ಇಷ್ಟಾಗಿ, ಕೂದಲು ಉರಿಗೆ ಕಾರಣವಲ್ಲ. ಉರಿಗೆ ಪರಿಹಾರ ಬೇಕೇಬೇಕು.

ಕೋಲಾರ ಸೀಮೆಯ ತಟ್ಟೆ

ಪರಿಹಾರ ಶುರುವಾಗುವುದು ಅಡುಗೆಮನೆಯಲ್ಲಿ. ಇಲ್ಲಿಯ ಊಟದಲ್ಲಿ ಹುಳಿ, ಖಾರಗಳಿಗೆ ದೊಡ್ಡ ಸ್ಥಾನ. ಕೋಲಾರದ ಎ.ಪಿ.ಎಂ.ಸಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಸುತ್ತಲ ಮನೆಗಳ ಸಾರು, ಗೊಜ್ಜು, ಚಟ್ನಿಗಳಲ್ಲೆಲ್ಲ ಟೊಮೆಟೊ ಇದ್ದೇ ಇರುತ್ತದೆ. ಉಪ್ಪುಸಾರಿನ ಜೊತೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆಹಣ್ಣು ಅರೆದ ಖಾರ ಬೇಕೇ ಬೇಕು. ಶ್ರೀನಿವಾಸಪುರದ ಮನೆಗಳಲ್ಲಿ ಮಾವಿನ ಉಪ್ಪಿನಕಾಯಿಯ ಜಾಡಿ ವರ್ಷವಿಡೀ ಖಾಲಿಯಾಗುವುದಿಲ್ಲ. ಮುಳಬಾಗಿಲಿನ ದೋಸೆಯ ಹೆಸರು ಬೆಂಗಳೂರಿನ ಹೋಟೆಲುಗಳ ಬೋರ್ಡಿಗೇ ಹತ್ತಿದೆ. ತುಪ್ಪ, ಎಣ್ಣೆ, ಕೆಂಪು ಚಟ್ನಿ ಇಲ್ಲದಿದ್ದರೆ ಅದು ಆ ದೋಸೆಯೇ ಅಲ್ಲ. ಬಸುರಿಯ ಬಯಕೆಯೂ ಹೆಚ್ಚಾಗಿ ಹುಳಿಯ ಮೇಲೆಯೇ.

ಇವನ್ನೆಲ್ಲ ಪೂರ್ತಿ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಒಬ್ಬೊಬ್ಬರ ಹೊಟ್ಟೆ ಒಂದೊಂದು ಪದಾರ್ಥಕ್ಕೆ ತಿರುಗಿ ಬೀಳುತ್ತದೆ. ಒಬ್ಬರಿಗೆ ಟೊಮೆಟೊ ಗೊಜ್ಜು, ಒಬ್ಬರಿಗೆ ಕರಿದ ತಿಂಡಿ, ಇನ್ನೊಬ್ಬರಿಗೆ ಕಾಫಿ. ಒಂದು ವಾರ ಉಂಡದ್ದನ್ನೂ ಉರಿ ಬಂದ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ ಕಳ್ಳ ಯಾರೆಂದು ತಾನಾಗಿಯೇ ತಿಳಿಯುತ್ತದೆ. ಓದುವ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಬಹುದು. ಹುಳಿಯ ಮಾವಿನಕಾಯಿ, ಉಪ್ಪಿನಕಾಯಿ ಉರಿ ತಂದರೂ ಚೆನ್ನಾಗಿ ಮಾಗಿದ ಮಾವು ಅನೇಕರಿಗೆ ಒಗ್ಗುತ್ತದೆ. ಕಾಫಿ, ಟೀ ಎರಡೂ ಸೇರಿ ದಿನಕ್ಕೆ ಎರಡು ಸಣ್ಣ ಲೋಟ ದಾಟದಿರುವುದು ಕ್ಷೇಮ. ಜೀರ್ಣಕ್ಕೆಂದು ಪುದೀನ ಕೊಡುವುದುಂಟು. ಆದರೆ ಅದು ಆ ಉಂಗುರಸ್ನಾಯುವನ್ನು ಮತ್ತಷ್ಟು ಸಡಿಲಿಸುತ್ತದೆ. ಊಟದ ನಂತರದ ಎಲೆ-ಅಡಿಕೆಯೂ ಬಸುರಿಗೆ ಬೇಡ, ಹೊಗೆಸೊಪ್ಪಂತೂ ಬೇಡವೇ ಬೇಡ.

ಏನು ಉಣ್ಣಬೇಕೆಂಬುದಕ್ಕಿಂತ ಎಷ್ಟು ಮತ್ತು ಯಾವಾಗ ಎಂಬುದು ಮುಖ್ಯ. 'ಎರಡು ಜೀವ, ಇಬ್ಬರ ಊಟ' ಎಂದು ತಟ್ಟೆಗೆ ಎರಡು ದೊಡ್ಡ ಮುದ್ದೆ ಹಾಕುವ ಪ್ರೀತಿ ಇಲ್ಲಿ ಕೈಕೊಡುತ್ತದೆ. ಬಸುರಿನ ಕೊನೆಯ ಆರು ತಿಂಗಳಲ್ಲಿ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕ್ಯಾಲೊರಿ. ಅಂದರೆ ಒಂದು ಸಣ್ಣ ಮುದ್ದೆ ಮತ್ತು ಒಂದು ಲೋಟ ಹಾಲು. ಮೂರು ದೊಡ್ಡ ಊಟದ ಬದಲು ಐದಾರು ಚಿಕ್ಕ ಊಟ ಮಾಡಿದರೆ ಹೊಟ್ಟೆ ಬಿಗಿಯುವುದಿಲ್ಲ, ಬಾಗಿಲ ಮೇಲೆ ಒತ್ತಡವೂ ಬೀಳುವುದಿಲ್ಲ. ರಾಗಿ ದೋಷಿಯಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚು ಸುಣ್ಣದಂಶವಿದೆ, ಬಸುರಿಗೆ ಅದು ಬೇಕು. ಮುದ್ದೆ ಚಿಕ್ಕದಾಗಿರಲಿ, ಸಾರು ಹುಳಿ-ಖಾರ ಕಡಿಮೆ ಇರುವ ಮಸ್ಸೊಪ್ಪೋ ಬೇಳೆಸಾರೋ ಆಗಿರಲಿ, ಊಟ ರಾತ್ರಿ ಏಳೂವರೆಯ ಒಳಗೆ ಮುಗಿಯಲಿ. ನಡುನಡುವೆ ರಾಗಿ ಗಂಜಿ, ಮಜ್ಜಿಗೆ, ಬಾಳೆಹಣ್ಣು, ತಣ್ಣನೆಯ ಹಾಲು ಒಳ್ಳೆಯದು. ಊಟದ ಜೊತೆ ಚೊಂಬುಗಟ್ಟಲೆ ನೀರು ಕುಡಿಯುವುದಕ್ಕಿಂತ ಎರಡು ಊಟದ ನಡುವೆ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು ಲೇಸು.

ಉರಿಗೆ ಹೆದರಿ ರಾತ್ರಿಯ ಊಟವನ್ನೇ ಬಿಡುವವರೂ ಇದ್ದಾರೆ. ಹೀಗೆ ಮಾಡಿದರೆ ತಾಯಿ, ಮಗು ಇಬ್ಬರ ತೂಕಕ್ಕೂ ಪೆಟ್ಟು. ಉಪವಾಸ ಇದಕ್ಕೆ ಮದ್ದಲ್ಲ.

ಮಾಲೂರಿನ ಎರಡು ಜೊತೆ ಇಟ್ಟಿಗೆ

ನಿಂತಿರುವಾಗ ಆಮ್ಲವನ್ನು ಕೆಳಗಿಡಲು ಭೂಮಿಯ ಗುರುತ್ವವೇ ಸಹಾಯ ಮಾಡುತ್ತದೆ. ಅಂಗಾತ ಮಲಗಿದರೆ ಆ ಸಹಾಯ ತಪ್ಪುತ್ತದೆ. ಆದ್ದರಿಂದ ಉಂಡ ಮೇಲೆ ಎರಡು ಮೂರು ಗಂಟೆ ಮಲಗಬಾರದು. ಅಂಗಳದಲ್ಲಿ ನಿಧಾನವಾಗಿ ನಾಲ್ಕು ಹೆಜ್ಜೆ ಹಾಕಬಹುದು. ಬಿದ್ದದ್ದನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕೂರಬೇಕು. ಸೀರೆಯ ಗಂಟು, ಲಂಗದ ಲಾಡಿ ಬಿಗಿಯಾಗಿರಬಾರದು.

ಮಲಗುವಾಗ ಎಡಮಗ್ಗುಲು ಒಳ್ಳೆಯದು. ಜಠರದ ಆಕಾರವೇ ಹಾಗಿರುವುದರಿಂದ ಎಡಕ್ಕೆ ಮಲಗಿದರೆ ಆಮ್ಲ ಬಾಗಿಲಿಗಿಂತ ಕೆಳಗೆ ನಿಲ್ಲುತ್ತದೆ. ಗರ್ಭಕೋಶಕ್ಕೆ ರಕ್ತಸಂಚಾರವೂ ಸರಾಗವಾಗುತ್ತದೆ. ಬರೀ ತಲೆಗೆ ಎರಡು ದಿಂಬು ಕೊಟ್ಟರೆ ಕತ್ತು ಮಡಿಸಿ ಹೊಟ್ಟೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಎತ್ತರವಾಗಬೇಕಾದ್ದು ಬೆನ್ನಿನ ಮೇಲ್ಭಾಗವೂ ಸೇರಿ. ಮಂಚವಿದ್ದರೆ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಒಂದರ ಮೇಲೊಂದು ಎರಡೆರಡು ಇಟ್ಟಿಗೆ ಇಟ್ಟು, ಮಂಚ ಅಲುಗದಂತೆ ನೋಡಿಕೊಂಡರೆ ಆರು ಅಂಗುಲ ಏರು ಸಿಗುತ್ತದೆ. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರು ಪಕ್ಕದಲ್ಲೇ ಇರುವಾಗ ಇದಕ್ಕೆ ಖರ್ಚೇನೂ ಇಲ್ಲ. ಚಾಪೆಯ ಮೇಲೆ ಮಲಗುವವರು ಕಂಬಳಿಗಳನ್ನು ಮಡಿಸಿ ಸೊಂಟದಿಂದ ತಲೆಯವರೆಗೆ ಇಳಿಜಾರಾಗುವಂತೆ ಹಾಸಿಕೊಳ್ಳಬಹುದು. ಅನೇಕರಿಗೆ ಊಟ ಮತ್ತು ಮಲಗುವ ರೀತಿಯ ಈ ಬದಲಾವಣೆಗಳೇ ಸಾಕಾಗುತ್ತವೆ.

ಸೋಡಾ ಏಕೆ ಬೇಡ?

ಈಗ ಹುಡುಗಿಯ ರಸಾಯನಶಾಸ್ತ್ರಕ್ಕೆ ಬರೋಣ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್ ಸೇರಿದರೆ ಉಪ್ಪು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಸಮೀಕರಣ ಸರಿಯಾಗಿದೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಬಸುರಿಯ ಹೊಟ್ಟೆ ಪ್ರನಾಳವಲ್ಲ. ಉಂಟಾದ ಅನಿಲ ಜಠರವನ್ನು ಬಲೂನಿನಂತೆ ಉಬ್ಬಿಸಿ ಆ ಸಡಿಲ ಬಾಗಿಲನ್ನು ಮತ್ತೆ ತಳ್ಳುತ್ತದೆ. ದೊಡ್ಡ ತೇಗಿನ ಜೊತೆ ಬರುವುದು ಬರೀ ಗಾಳಿಯಲ್ಲ, ಆಮ್ಲವೂ ಬರುತ್ತದೆ. ಸ್ವಲ್ಪ ಹೊತ್ತಿನ ನೆಮ್ಮದಿಯ ನಂತರ ಉರಿ ಮರಳುತ್ತದೆ.

ಅದಕ್ಕಿಂತ ಗಂಭೀರವಾದದ್ದು ಉಪ್ಪಿನ ಲೆಕ್ಕ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1.2 ಗ್ರಾಂ ಸೋಡಿಯಂ ಇದೆ. ದೊಡ್ಡವರು ಇಡೀ ದಿನಕ್ಕೆ ಸೇವಿಸುವ ಸೋಡಿಯಂ 2 ಗ್ರಾಂಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಎರಡು ಮೂರು ಬಾರಿ ಸೋಡಾ ಕುಡಿದರೆ ಮೈಯಲ್ಲಿ ನೀರು ನಿಲ್ಲುವುದು, ಊತ ಬರುವುದು ಮಾತ್ರವಲ್ಲ, ರಕ್ತದ ಆಮ್ಲ-ಕ್ಷಾರಗಳ ಸಮತೋಲನವೇ ಕೆಡಬಹುದು. ರಕ್ತದೊತ್ತಡ ಏರುವ ಸಂಭವವಿರುವ ಬಸುರಿಗೆ ಇದು ಅಪಾಯ. ಪುಡಿ ಪೊಟ್ಟಣಗಳಲ್ಲಿ ಬರುವ, ನೀರಿಗೆ ಹಾಕಿದರೆ ನೊರೆಯೇಳುವ ಮದ್ದುಗಳಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ ಸೋಡಿಯಂ ಬೈಕಾರ್ಬೊನೇಟ್.

ಹಾಗಾದರೆ ಮದ್ದೇ ಇಲ್ಲವೇ? ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್, ಮೆಗ್ನೀಷಿಯಂ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಆಮ್ಲಶಾಮಕಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಬಸುರಿನಲ್ಲಿಯೂ ತೆಗೆದುಕೊಳ್ಳಬಹುದು. ಇವುಗಳಲ್ಲಿ ಮೆಗ್ನೀಷಿಯಂ ಮಲವನ್ನು ಸಡಿಲಿಸಿದರೆ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಗಟ್ಟಿ ಮಾಡುತ್ತವೆ. ಸಮುದ್ರದ ಪಾಚಿಯಿಂದ ತೆಗೆಯುವ ಆಲ್ಜಿನೇಟ್ ಎಂಬ ಮದ್ದು ಜಠರದಲ್ಲಿನ ದ್ರವದ ಮೇಲೆ ತೆಪ್ಪದಂತೆ ತೇಲಿ ಆಮ್ಲ ಮೇಲೇರದಂತೆ ತಡೆಯುತ್ತದೆ. ಇವುಗಳಿಗೂ ಬಗ್ಗದಿದ್ದರೆ ಆಮ್ಲದ ಉತ್ಪತ್ತಿಯನ್ನೇ ಕಡಿಮೆ ಮಾಡುವ ಫ್ಯಾಮೊಟಿಡಿನ್, ಒಮೆಪ್ರಜೋಲ್‌ನಂಥ ಔಷಧಿಗಳಿವೆ. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು.

ಔಷಧಿ ಅಂಗಡಿಯಲ್ಲಿ 'ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ' ಎಂದು ಕೇಳಿ ತರುವ ರೂಢಿ ಬಸುರಿಯ ಮಟ್ಟಿಗಂತೂ ನಿಲ್ಲಬೇಕು. ಮಿಸೊಪ್ರೊಸ್ಟಾಲ್ ಎಂಬ ಔಷಧಿ ಬಳಕೆಗೆ ಬಂದದ್ದೇ ಹೊಟ್ಟೆಹುಣ್ಣು ತಡೆಯಲೆಂದು. ಕೆಲವು ನೋವಿನ ಮಾತ್ರೆಗಳ ಜೊತೆಗೂ ಅದನ್ನು ಸೇರಿಸುತ್ತಾರೆ. ಅದು ಗರ್ಭಕೋಶವನ್ನು ಹಿಂಡಿ ಗರ್ಭಪಾತ ಮಾಡಿಸಬಲ್ಲದು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟು ಉಳಿದ ಮಾತ್ರೆಯನ್ನು ಬಸುರಿಗೆ ಕೊಡಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು. ಅಂಗಡಿಯವರಿಗೆ ಮೊದಲು ಹೇಳಬೇಕಾದ ಮಾತು, 'ಇದು ಬಸುರಿಗೆ' ಎಂಬುದು.

ಕಬ್ಬಿಣದ ಮಾತ್ರೆಯ ಕಥೆ

ಎದೆಯುರಿಯಿಂದ ಆಗುವ ದೊಡ್ಡ ನಷ್ಟ ಅನೇಕ ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತದೆ, ಓಕರಿಕೆ ಬರುತ್ತದೆ ಎಂದು ಬಸುರಿಯರು ಅದನ್ನು ನಿಲ್ಲಿಸಿಬಿಡುತ್ತಾರೆ. ಮಾತ್ರೆಗಳು ಗೂಡಿನಲ್ಲಿ ಹಾಗೇ ಉಳಿಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಬಸುರಿನಲ್ಲಿ ಅದು ರಕ್ತಹೀನತೆ. 7 ಗ್ರಾಂಗಿಂತ ಇಳಿದರೆ ತೀವ್ರ. ಅಂಥ ತಾಯಿಗೆ ಹೆರಿಗೆಯಲ್ಲಿ ಆಗುವ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಬರಬಹುದು. ಎದೆಯುರಿ ಜೀವ ತೆಗೆಯುವುದಿಲ್ಲ. ಎದೆಯುರಿಯ ಭಯಕ್ಕೆ ಬಿಟ್ಟ ಮಾತ್ರೆ ತೆಗೆಯಬಹುದು.

ದಾರಿ ಇಲ್ಲದಿಲ್ಲ. ಬರಿಹೊಟ್ಟೆಯಲ್ಲಿ ಒಗ್ಗದಿದ್ದರೆ ಊಟವಾದ ಒಂದು ಗಂಟೆಯ ನಂತರ ನುಂಗಬಹುದು. ಕುಳಿತು ಅಥವಾ ನಿಂತು, ಪೂರ್ತಿ ಒಂದು ಲೋಟ ನೀರಿನೊಡನೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು. ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುವುದುಂಟು. ಆಮ್ಲಶಾಮಕವನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಂಡರೆ ಕಬ್ಬಿಣ ರಕ್ತಕ್ಕೆ ಸೇರುವುದಿಲ್ಲ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಕ್ಯಾಲ್ಸಿಯಂ ಮಾತ್ರೆ, ಹಾಲು, ಕಾಫಿ, ಟೀಗಳಿಗೂ ಇದೇ ನಿಯಮ. ಜೊತೆಗೆ ಸೀಬೆಹಣ್ಣಿನ ಹೋಳೊಂದನ್ನು ತಿಂದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಆದರೂ ಆಗದಿದ್ದರೆ ಬೇರೆ ಬಗೆಯ ಮಾತ್ರೆ, ಅಗತ್ಯ ಬಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಚುಚ್ಚುಮದ್ದು ಇದೆ. ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳದೆ ನಿಲ್ಲಿಸುವುದು ಮಾತ್ರ ಸಲ್ಲದು.

ಇನ್ನೊಂದು ಗುರುತನ್ನು ಶಾಲೆಯ ಮಕ್ಕಳೇ ಮೊದಲು ಕಾಣಬಹುದು. ಅದು ಚೀಲದಲ್ಲಿನ ಬಳಪ ಕಾಣೆಯಾಗುವುದು. ಬಸುರಿಯರು ಬಳಪ, ಮಣ್ಣು, ಹೆಂಚಿನ ಚೂರು ತಿನ್ನುವುದು ಹೊಸದೇನಲ್ಲ. ತಿಂದರೆ ಹೊಟ್ಟೆ ತಣ್ಣಗಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಅನೇಕ ಬಾರಿ ರಕ್ತಹೀನತೆಯ ಸೂಚನೆ. ನಗುವ ವಿಷಯವಲ್ಲ, ಬೈಯುವ ವಿಷಯವೂ ಅಲ್ಲ. ರಕ್ತಪರೀಕ್ಷೆ ಮಾಡಿಸಬೇಕಾದ ವಿಷಯ.

ಎಲ್ಲವೂ ಗ್ಯಾಸ್ ಅಲ್ಲ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಇಪ್ಪತ್ತು ವಾರ ತುಂಬಿದ ಮೇಲೆ ಕೆಲವು ಬಸುರಿಯರಿಗೆ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗುವ ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆ ಬರುತ್ತದೆ. ಅದು ಪಿತ್ತಜನಕಾಂಗಕ್ಕೆ ತಟ್ಟಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ, ಮುಖ್ಯವಾಗಿ ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ. ಓಕರಿಕೆ, ವಾಂತಿಯೂ ಇರಬಹುದು. ನೋಡುವವರಿಗೆ ಇದು ಪಕ್ಕಾ 'ಗ್ಯಾಸ್' ಹಾಗೆಯೇ ಕಾಣುತ್ತದೆ. ಜೀರಿಗೆ ಕಷಾಯ, ಸೋಡಾ ಎನ್ನುತ್ತ ರಾತ್ರಿ ಕಳೆದರೆ ಬೆಳಗಾಗುವುದರೊಳಗೆ ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರನ್ನೂ ಕಳೆದುಕೊಳ್ಳುವ ಕಾಯಿಲೆ ಇದು.

ವ್ಯತ್ಯಾಸ ಗುರುತಿಸುವುದು ಹೀಗೆ. ಎದೆಯುರಿ ಉಂಡ ಮೇಲೆ, ಮಲಗಿದಾಗ ಹೆಚ್ಚಾಗುತ್ತದೆ. ಎದ್ದು ಕುಳಿತರೆ, ತಣ್ಣನೆಯ ಹಾಲು ಕುಡಿದರೆ, ಆಮ್ಲಶಾಮಕ ತೆಗೆದುಕೊಂಡರೆ ಇಳಿಯುತ್ತದೆ. ಬಿ.ಪಿ.ಯಿಂದ ಬಂದ ನೋವು ಇವಕ್ಕೆ ಬಗ್ಗುವುದಿಲ್ಲ. ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಮುಖ-ಕೈಗಳು ಇದ್ದಕ್ಕಿದ್ದಂತೆ ಊದುವುದು ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯಬಾರದು. ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಎಚ್ಚರಿಕೆಯ ಗಂಟೆ. ಎಲ್ಲ ಗುರುತುಗಳೂ ಒಟ್ಟಿಗೆ ಕಾಣಿಸಬೇಕೆಂಬ ನಿಯಮವಿಲ್ಲ. ಆದ್ದರಿಂದ ಎಂಟನೆಯ ತಿಂಗಳಲ್ಲಿ ಹೊಸದಾಗಿ ಬಂದ ಮೇಲ್ಹೊಟ್ಟೆಯ ನೋವಿಗೆ ಮೊದಲ ಮದ್ದು ಬಿ.ಪಿ. ನೋಡುವುದು.

ಇವುಗಳ ಹೊರತು ರಕ್ತವಾಂತಿ, ನುಂಗಲು ಕಷ್ಟ, ತೂಕ ಇಳಿಯುವುದು, ಏನು ಕುಡಿದರೂ ನಿಲ್ಲದ ವಾಂತಿ, ಎಡಗೈಗೆ ಹರಿಯುವ ಎದೆನೋವು, ಬೆವರು, ಉಸಿರುಗಟ್ಟುವುದು ಇದ್ದರೂ ತಡಮಾಡಬಾರದು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಗಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಡಾಂಬರಿನಂತೆ ಜಿಗುಟಾಗಿ, ಕೆಟ್ಟ ವಾಸನೆಯಿದ್ದರೆ ಮಾತ್ರ ಅದು ಒಳಗಿನ ರಕ್ತಸ್ರಾವದ ಲಕ್ಷಣ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿಂದ ಕೋಲಾರಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯೂ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಜಾಲಪ್ಪ ಆಸ್ಪತ್ರೆಯೂ ಇವೆ. 2008ರಲ್ಲಿ ರಾಜ್ಯದಲ್ಲಿ ಶುರುವಾದ 108 ಆಂಬ್ಯುಲೆನ್ಸಿಗೆ ಹಣ ಕೊಡಬೇಕಾಗಿಲ್ಲ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಮಾಡುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಆರಂಭವಾಯಿತು. ದೂರ ಇಲ್ಲ, ಖರ್ಚಿಲ್ಲ. ತಡವಾಗುವುದು ಹೆಚ್ಚಾಗಿ 'ಗ್ಯಾಸೇ ಇರಬೇಕು' ಎಂಬ ಮಾತಿನಿಂದ.

ಶ್ರೀನಿವಾಸಪುರದ ಕಡೆಯ ಆ ಹುಡುಗಿಯ ಹೆಮ್ಮೆಯನ್ನು ಕಸಿಯಬೇಕಾಗಿಲ್ಲ. ಅಕ್ಕನ ಕಷ್ಟ ಕಂಡು ಪಾಠವನ್ನು ನೆನೆದವಳು ಅವಳೊಬ್ಬಳೇ. ಸೋಡಾ ಡಬ್ಬಿ ಅಡುಗೆಮನೆಗೆ ಮರಳಲಿ. ಅದರ ಬದಲು ಅವಳ ಕೈಗೆ ಅಕ್ಕನ ತಾಯಿ ಕಾರ್ಡ್ ಬರಲಿ. ಪ್ರತಿ ತಪಾಸಣೆಯ ಬಿ.ಪಿ., ತೂಕ, ಹಿಮೋಗ್ಲೋಬಿನ್ ಅದರಲ್ಲಿ ಬರೆದಿರುತ್ತದೆ. ಹೋದ ಸಲಕ್ಕಿಂತ ಈ ಸಲ ಏರಿದ್ದೇನು, ಇಳಿದದ್ದೇನು ಎಂದು ನೋಡಿ ಮನೆಯವರಿಗೆ ಹೇಳಲು ಹತ್ತನೆಯ ತರಗತಿಯ ಓದು ಧಾರಾಳವಾಗಿ ಸಾಕು.